ಹೊಸಪೇಟೆಯ ಸೀಮೆಯಲ್ಲಿ ವಸತಿಯ ಚರಿತ್ರೆ

ಹಂಪೆಗೆ ಹೋಗಿಬಂದವರು ವಿರೂಪಾಕ್ಷನ ಗೋಪುರವನ್ನೂ ವಿಠಲನ ಗುಡಿಯ ಕಲ್ಲಿನ ರಥವನ್ನೂ ಆನೆಯ ಲಾಯವನ್ನೂ ಬಾಯ್ತುಂಬ ಹೊಗಳುವರು. ಆದರೆ ಅವರಲ್ಲಿ ಯಾರಾದರೊಬ್ಬರು, "ಇಷ್ಟು ದೊಡ್ಡ ಪಟ್ಟಣದಲ್ಲಿ ಜನರು ವಾಸವಾಗಿದ್ದ ಮನೆಗಳೆಲ್ಲಿ?" ಎಂದು ಕೇಳಿದರೆ ದಾರಿ ತೋರುವವನು ಕ್ಷಣಕಾಲ ಸುಮ್ಮನಾಗಬೇಕಾಗುವುದು. ದೇವರಿಗೆ ಮನೆಯುಂಟು, ಅರಸನಿಗೆ ಮನೆಯುಂಟು, ಆನೆಗೂ ಮನೆಯುಂಟು. ಆನೆಯನ್ನು ಮೇಯಿಸಿದವನ ಮನೆ ಮಾತ್ರ ಎಲ್ಲಿಯೂ ಕಾಣದು. ಈ ಒಂದು ಪ್ರಶ್ನೆಯನ್ನು ಹಿಡಿದುಕೊಂಡು ಹೊಸಪೇಟೆ, ಹಂಪೆ, ಕಂಪ್ಲಿ, ಸಂಡೂರುಗಳ ಈ ಸೀಮೆಯ ಐದುನೂರು ವರ್ಷಗಳನ್ನು ನೋಡಿದರೆ, ಇಂದು ನಮ್ಮ ಕಣ್ಣಮುಂದಿರುವ ವಸತಿಯ ತೊಡಕು ಹೊಸದಲ್ಲವೆಂದು ತಿಳಿದುಬರುವುದು. ಆ ವಿಚಾರವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಮನೆಗಳು ಕಾಣದಿರುವುದಕ್ಕೆ ಕಾರಣವು ಸುಲಭವಾದದ್ದೇ. ಹದಿನಾರನೆಯ ಶತಮಾನದ ಆರಂಭದಲ್ಲಿ ಈ ರಾಜಧಾನಿಯನ್ನು ವರ್ಣಿಸಿದ ಪೋರ್ಚುಗೀಸ ಬರ್ಬೋಸನು, ಅರಸನ ಮತ್ತು ಸರದಾರರ ಅರಮನೆಗಳನ್ನು ಹೇಳಿದ ತರುವಾಯ, ಉಳಿದ ಜನರ ಮನೆಗಳು ಹುಲ್ಲು ಹೊದಿಸಿದವುಗಳೆಂದೂ, ಆದರೂ ಅವು ಚೆನ್ನಾಗಿ ಕಟ್ಟಲ್ಪಟ್ಟು, ಕಸುಬಿಗೊಂದು ಕೇರಿಯಂತೆ ಉದ್ದವಾದ ಬೀದಿಗಳಲ್ಲಿ ಸಾಲಾಗಿದ್ದುವೆಂದೂ ಬರೆದಿರುವನು. ೧೪೪೩ರಲ್ಲಿ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ಏಳು ಸುತ್ತಿನ ಕೋಟೆಯನ್ನು ಕಂಡನು. ಹೊರಗಣ ಮೂರು ಸುತ್ತುಗಳ ನಡುವೆ ಹೊಲ, ತೋಟ, ಮನೆಗಳಿದ್ದುವು. ಅಲ್ಲಿಂದ ಒಳಕ್ಕೆ ಹೋದಂತೆಲ್ಲ ಜನಸಂದಣಿಯೂ ಅಂಗಡಿಬೀದಿಗಳೂ ಹೆಚ್ಚುತ್ತಿದ್ದುವು. ಹುಲ್ಲು, ಮಣ್ಣು, ಮರ ಇವು ಬೆಂಕಿಗೂ ಮಳೆಗೂ ತುತ್ತಾಗುವ ವಸ್ತುಗಳು. ೧೫೬೫ರ ರಕ್ಕಸತಂಗಡಿಯ ಯುದ್ಧದ ಬಳಿಕ ಪಟ್ಟಣವು ಬರಿದಾದಾಗ ಬಡವನ ಮನೆಯು ಮಣ್ಣಿಗೆ ಮಣ್ಣಾಗಿ ಸೇರಿಹೋಯಿತು. ಸರದಾರರ ಮನೆಗಳ ಕಲ್ಲಿನ ಅಡಿಗಟ್ಟುಗಳಾದರೂ ಅಗೆದಾಗ ಸಿಕ್ಕಿರುತ್ತವೆ. ೧೯೮೦ರ ದಶಕದ ಕೊನೆಯಿಂದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಎಂಬ ವಿದುಷಿಯರು ಪಟ್ಟಣದ ಹೊರವಲಯವನ್ನು ಕಾಲ್ನಡೆಯಿಂದ ಪರಿಶೀಲಿಸಿ, ಕೆರೆ, ಕಾಲುವೆ, ದಾರಿ, ಗುಡಿ, ಊರುಗಳ ಗುರುತುಗಳನ್ನು ಬರೆದಿಟ್ಟರು. ಮಡಕೆಯ ಚೂರುಗಳಿಂದಲೂ ಮುರಿದ ಗೋಡೆಯ ಸಾಲುಗಳಿಂದಲೂ ಸಾಮಾನ್ಯ ಜನರ ಬಾಳನ್ನು ಊಹಿಸಬೇಕಾಗಿರುವುದು. ಚರಿತ್ರೆಯು ಕಲ್ಲನ್ನು ನೆನಪಿಡುತ್ತದೆ, ಮಣ್ಣನ್ನು ಮರೆಯುತ್ತದೆ.

ಆ ಪರಿಶೀಲನೆಯಿಂದ ಇನ್ನೊಂದು ಸಂಗತಿಯೂ ಸ್ಪಷ್ಟವಾಯಿತು. ವಿಜಯನಗರವು ಒಂದೇ ಊರಲ್ಲ. ಹಲವು ಪುರಗಳ ಹೆಣಿಗೆ. ಕೃಷ್ಣನ ಗುಡಿಯ ಸುತ್ತ ಕೃಷ್ಣಾಪುರ, ವಿಠಲನ ಗುಡಿಯ ಸುತ್ತ ವಿಠಲಾಪುರ, ಅಚ್ಯುತರಾಯನ ಹೆಸರಿನ ಪೇಟೆ, ಆತನ ರಾಣಿಯ ಹೆಸರಿನಲ್ಲಿ ಪಟ್ಟಾಭಿರಾಮನ ಗುಡಿಯ ಬಳಿ ವರದಾದೇವಿ ಅಮ್ಮನ ಪಟ್ಟಣ, ಹೊಸಪೇಟೆಯ ದಾರಿಯಲ್ಲಿ ರಾಜಪುತ್ರ ತಿರುಮಲನ ಹೆಸರಿನಿಂದ ೧೫೨೪ರಲ್ಲಿ ನೆಲೆಗೊಂಡು ಈಗ ಅನಂತಶಯನಗುಡಿ ಎನಿಸಿಕೊಳ್ಳುವ ಊರು: ಹೀಗೆ ಒಂದೊಂದಕ್ಕೂ ಒಂದು ಗುಡಿ, ಒಂದು ಪೇಟೆ, ಒಂದು ನೀರಿನ ಆಸರೆ. ರಾಜಧಾನಿಯು ಬೆಳೆಯಬೇಕಾದಾಗ ಒಂದೇ ಕಡೆ ಒತ್ತಾಗಿ ಬೆಳೆಯದೆ, ನೀರು ಹರಿದತ್ತ ಹೊಸ ಪುರವಾಗಿ ಹರಡಿತು.

ಈ ಪುರಗಳಲ್ಲಿ ನಮಗೆ ಮುಖ್ಯವಾದುದು ನಾಗಲಾಪುರ, ಅಂದರೆ ಇಂದಿನ ಹೊಸಪೇಟೆ. ಕೃಷ್ಣದೇವರಾಯನು (ಆಳಿಕೆ ೧೫೦೯–೧೫೨೯) ಇದನ್ನು ಕಟ್ಟಿಸಿದನು. ತಾಯಿ ನಾಗಲಾಂಬೆಯ ಹೆಸರಿನಿಂದ ನಾಗಲಾಪುರವೆಂದು ಹೆಸರಾಯಿತು. ರಾಣಿಯೊಬ್ಬಳ ಮೇಲಣ ಪ್ರೀತಿಯಿಂದ ಕಟ್ಟಿಸಿದನೆಂದು ಪೋರ್ಚುಗೀಸರು ಬರೆದರು. ಕಾರಣವು ಯಾವುದೇ ಇರಲಿ, ಕಟ್ಟಿಸಿದ ಕ್ರಮವು ಗಮನಾರ್ಹವಾಗಿದೆ. ಬಯಲು ಸೀಮೆಯಲ್ಲಿ ಊರು ನಿಲ್ಲಬೇಕಾದರೆ ಮೊದಲು ನೀರು ಬೇಕು. ಆದಕಾರಣ ರಾಯನು ಊರಿನ ದಕ್ಷಿಣಕ್ಕೆ ಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಹಿರಿದಾದ ಕೆರೆಯ ಏರಿಯನ್ನು ಹಾಕಿಸತೊಡಗಿದನು. ಈ ಕೆಲಸಕ್ಕೆ ಗೋವೆಯಿಂದ ಬಂದ ಜೊವಾಒ ದ ಲ ಪೊಂಟೆ ಎಂಬ ಕಲ್ಲುಕೆಲಸದ ನಿಪುಣನ ನೆರವನ್ನೂ ಪಡೆದನೆಂದು ನೂನಿಜನು ತಿಳಿಸುತ್ತಾನೆ. ಸುಮಾರು ೧೫೨೦ರಲ್ಲಿ ಇಲ್ಲಿದ್ದ ಪಾಯೆಸನು ಆ ಏರಿಯ ಮೇಲೆ ಹದಿನೈದಿಪ್ಪತ್ತು ಸಾವಿರ ಜನರು ಇರುವೆಗಳಂತೆ ಮುತ್ತಿ ದುಡಿಯುತ್ತಿದ್ದುದನ್ನು ಕಂಡನು. ಕಟ್ಟೆಯು ಎರಡು ಮೂರು ಸಲ ಒಡೆದುದರಿಂದ, ಮನುಷ್ಯರನ್ನು ಬಲಿಗೊಟ್ಟರೆಂದೂ ಆತನು ಬರೆದಿಟ್ಟಿದ್ದಾನೆ. ಕಡೆಗೆ ನೀರು ನಿಂತಿತು. ಆಗ ರಾಯನು, ಆ ನೀರಿನ ಕೆಳಗಣ ನೆಲವನ್ನು ಜನರು ಹಸನುಮಾಡಿಕೊಳ್ಳುವವರೆಗೆ ಒಂಬತ್ತು ವರ್ಷಗಳ ಕಾಲ ತೆರಿಗೆಯಿಲ್ಲದೆ ಬಿಟ್ಟುಕೊಟ್ಟನೆಂದು ನೂನಿಜನ ಮಾತಿನಿಂದ ತಿಳಿಯುವುದು.

ಇಲ್ಲಿ ಎರಡು ಪಾಠಗಳಿವೆ. ಊರನ್ನು ನಿಲ್ಲಿಸುವುದೆಂದರೆ ಗೋಡೆಗಳನ್ನು ಎಬ್ಬಿಸುವುದಲ್ಲ. ನೀರು, ನೆಲ, ದುಡಿದು ತಿನ್ನುವುದಕ್ಕೆ ಕೆಲವು ವರ್ಷಗಳ ನೆಮ್ಮದಿ, ಇವಿಷ್ಟನ್ನು ಕೊಟ್ಟರೆ ಮನೆಯನ್ನು ಜನರು ತಾವೇ ಕಟ್ಟಿಕೊಳ್ಳುವರು. ಇದು ಮೊದಲನೆಯದು. ಎರಡನೆಯದು ಅಷ್ಟು ಸಂತೋಷದ್ದಲ್ಲ. ಪಾಯೆಸನು ಹೊಸ ಊರಿನ ಮನೆಗಳನ್ನು ವರ್ಣಿಸುವಾಗ, ಒಂದೇ ಅಂತಸ್ತಿನ ಮಾಳಿಗೆ, ಕಂಬಗಳು, ಒಳಗೂ ಹೊರಗೂ ಪಡಸಾಲೆ, ಸುತ್ತಲೂ ಆವರಣದ ಗೋಡೆ, ಅದರೊಳಗೆ ಹಲವು ಮನೆಗಳ ಸಾಲು, ಎಂದು ಹೊಗಳುತ್ತಾನೆ. ಅವು ಅನುಕೂಲವಂತರ ಮನೆಗಳು. ಏರಿಯ ಮೇಲೆ ಮಣ್ಣು ಹೊತ್ತ ಆ ಹದಿನೈದಿಪ್ಪತ್ತು ಸಾವಿರ ಜನರು ರಾತ್ರಿ ಎಲ್ಲಿ ಮಲಗಿದರೆಂಬುದನ್ನು ಆತನು ಬರೆಯಲಿಲ್ಲ.

ರಾಜಧಾನಿಯು ಹಾಳಾದ ಮೇಲೆಯೂ ಹೊಸಪೇಟೆಯು ಉಳಿಯಿತು. ಅರಸನು ಹೋದರೂ ಕಾಲುವೆಗಳು ಹರಿಯುತ್ತಿದ್ದುವು. ಬಸವಣ್ಣ ಕಾಲುವೆ, ರಾಯ ಕಾಲುವೆಗಳ ಕೆಳಗೆ ಕಬ್ಬು, ಬಾಳೆ, ಬತ್ತಗಳು ಬೆಳೆಯುತ್ತಲೇ ಇದ್ದುವು. ನೀರಾವರಿಯಿಲ್ಲದ ಪೂರ್ವದ ದಿಕ್ಕಿನ ಹಳ್ಳಿಗಳಲ್ಲಿ, ಗಾದಿಗನೂರು, ಬಯಲುವದ್ದಿಗೇರಿಗಳಂಥ ಊರುಗಳ ಕಡೆ, ಜನರು ತಮ್ಮ ತಾತಂದಿರು ಕಲಿಸಿದ ರೀತಿಯಲ್ಲಿ ಮನೆ ಕಟ್ಟಿದರು. ಗುಡ್ಡದ ಕಲ್ಲನ್ನು ಮಣ್ಣಿನಲ್ಲಿ ಕೂಡಿಸಿದ ದಪ್ಪನೆಯ ಗೋಡೆ. ಅದರ ಮೇಲೆ ತೊಲೆ, ಜಂತೆ. ಜಂತೆಯ ಮೇಲೆ ಸೊಪ್ಪುಸದೆ. ಅದರ ಮೇಲೆ ನೀರಿಳಿಯದ ಚೌಳುಮಣ್ಣಿನ ಮೇಲ್ಮುದ್ದೆ. ನಡುವೆ ಒಂದು ಗವಾಕ್ಷಿ. ಬಳ್ಳಾರಿಯ ಬಿಸಿಲಿಗೆ ಇದಕ್ಕಿಂತ ತಂಪಾದ ಮಾಡು ಮತ್ತೊಂದಿಲ್ಲ. ಆದರೆ ವರ್ಷವರ್ಷವೂ ಮಳೆಗಾಲಕ್ಕೆ ಮುಂಚೆ ಮಣ್ಣನ್ನು ಹೊತ್ತುಹಾಕಿ ತುಳಿಯದಿದ್ದರೆ ಅದು ಸೋರುವುದು. ಆಳಿಲ್ಲದ ಮನೆಯಲ್ಲಿ ಅದು ಬೀಳುವುದು. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ನಾಣ್ಣುಡಿಯಲ್ಲಿ ಕಟ್ಟುವ ಕಷ್ಟವನ್ನು ಮಾತ್ರ ಹೇಳಿದೆ. ಕಟ್ಟಿದ್ದನ್ನು ನಿಲ್ಲಿಸಿಕೊಳ್ಳುವ ಕಷ್ಟವು ಅದಕ್ಕೂ ಮಿಗಿಲಾದುದು.

ಇಪ್ಪತ್ತನೆಯ ಶತಮಾನವು ಕಾಲಿಟ್ಟಾಗ ಹೊಸಪೇಟೆಯ ಜನಸಂಖ್ಯೆಯು ಹದಿನೆಂಟು ಸಾವಿರದ ಆಸುಪಾಸಿನಲ್ಲಿತ್ತು. ೨೦೧೧ರ ಜನಗಣತಿಯಲ್ಲಿ ಅದು ೨,೦೬,೧೬೭. ನೂರಹತ್ತು ವರ್ಷಗಳಲ್ಲಿ ಹನ್ನೊಂದು ಪಟ್ಟು ಬೆಳೆದುದಕ್ಕೆ ಕಾರಣಗಳು ಮುಖ್ಯವಾಗಿ ಮೂರು: ಅಣೆಕಟ್ಟು, ಕಬ್ಬಿಣ, ಕಚೇರಿ.

ತುಂಗಭದ್ರೆಯ ಅಣೆಕಟ್ಟಿಗೆ ೧೯೪೫ನೆಯ ಫೆಬ್ರವರಿ ೨೮ರಂದು ಮದರಾಸು ಮತ್ತು ಹೈದರಾಬಾದು ಸರಕಾರಗಳು ಹೊಳೆಯ ಎರಡು ದಡಗಳಲ್ಲಿಯೂ ಅಸ್ತಿವಾರವನ್ನಿಟ್ಟುವು. ಮದರಾಸಿನ ಕಡೆಯ ಮುಖ್ಯ ಇಂಜಿನಿಯರು ತಿರುಮಲೆ ಅಯ್ಯಂಗಾರ್ಯರು. ಕಲ್ಲನ್ನು ಸುಣ್ಣ ಸುರಕಿಯ ಗಾರೆಯಲ್ಲಿ ಕೂಡಿಸಿ ಕಟ್ಟಿದ ಆ ಕಟ್ಟಡವು ೧೯೫೩ರಲ್ಲಿ ನೀರು ಹಿಡಿಯಿತು. ಅದೇ ವರ್ಷದ ಅಕ್ಟೋಬರ್ ೧ರಂದು ಬಳ್ಳಾರಿಯ ಕನ್ನಡ ತಾಲೂಕುಗಳು ಮೈಸೂರನ್ನು ಸೇರಿದುವು. ನೂರಾರು ಚದರ ಮೈಲಿ ಬರಡುನೆಲಕ್ಕೆ ನೀರೊದಗಿಸಿದ ಈ ಕಾರ್ಯವನ್ನು ಎಷ್ಟು ಹೊಗಳಿದರೂ ತೀರದು. ಆದರೆ ವಸತಿಯ ದೃಷ್ಟಿಯಿಂದ ನೋಡುವಾಗ ಈ ಕಟ್ಟೆಯು ಮೂರು ಬಗೆಯ ಜನರಿಗೆ ಮೂರು ಬಗೆಯ ಮನೆಗಳನ್ನು ಕೊಟ್ಟಿತೆಂಬುದನ್ನು ಮರೆಯಲಾಗದು. ಅಧಿಕಾರಿಗಳಿಗೂ ಸಿಬ್ಬಂದಿಗೂ ಕಟ್ಟೆಯ ಬಳಿ ಸಾಲುಮರದ ಬೀದಿಗಳ, ನಲ್ಲಿನೀರಿನ ಬಡಾವಣೆಯೆದ್ದಿತು. ಕಲ್ಲು ಹೊತ್ತ ಕೂಲಿಯವರು ಗುಡಿಸಲುಗಳಲ್ಲಿದ್ದು, ಕೆಲಸ ಮುಗಿದ ಮೇಲೆ ಕೆಲವರು ಹೊರಟುಹೋದರು, ಕೆಲವರು ಊರಂಚಿನಲ್ಲಿಯೇ ಉಳಿದರು. ಮೂರನೆಯವರು ನೀರಿನಲ್ಲಿ ಊರನ್ನೇ ಕಳೆದುಕೊಂಡವರು. ನಾರಾಯಣದೇವರಕೆರೆಯಂಥ ಹಳೆಯ ಊರು ಮುಳುಗಿತು. ಅಲ್ಲಿಯ ಜನರು ದೇವರನ್ನು ಹೊತ್ತುಕೊಂಡು ಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ಪರಿಹಾರವು ಗೋಡೆಗೆ ಬೆಲೆ ಕಟ್ಟಬಲ್ಲುದು. ಕೇರಿಗೆ, ಕಟ್ಟೆಗೆ, ನೆರೆಮನೆಗೆ ಬೆಲೆ ಕಟ್ಟುವ ವಿಧಾನವನ್ನು ಯಾವ ಸರಕಾರವೂ ಈವರೆಗೆ ಕಂಡುಕೊಂಡಿಲ್ಲ.

ನೀರು ಹರಿದ ಕಡೆಗಳಲ್ಲಿ ಇನ್ನೊಂದು ಬಗೆಯ ನೆಲಸುವಿಕೆಯು ನಡೆಯಿತು. ಕಂಪ್ಲಿ, ಸಿರುಗುಪ್ಪ, ಗಂಗಾವತಿಗಳ ಕಡೆ ಆಂಧ್ರದ ರೈತರು ಬಂದು ನೆಲವನ್ನು ಕೊಂಡು, ಬತ್ತದ ಗದ್ದೆಗಳ ನಡುವೆ ಹೊಸ ಊರುಗಳನ್ನು ಮಾಡಿಕೊಂಡರು. ಅವುಗಳಿಗೆ ಇಂದಿಗೂ 'ಕ್ಯಾಂಪು' ಎಂದೇ ಹೆಸರು. ತಾತ್ಕಾಲಿಕವೆಂಬ ಹೆಸರಿನ ಈ ಊರುಗಳಲ್ಲಿ ಗಟ್ಟಿಯಾದ ಮನೆಗಳೆದ್ದುವು. ಏಕೆಂದರೆ ಅಲ್ಲಿ ನೆಲವು ಸ್ವಂತದ್ದು, ನೀರು ಖಚಿತವಾದದ್ದು. ನಾಲ್ಕು ಶತಮಾನಗಳ ಹಿಂದೆ ರಾಯನು ನಾಗಲಾಪುರದಲ್ಲಿ ಕಂಡ ಸತ್ಯವೇ ಇಲ್ಲಿ ಮತ್ತೊಮ್ಮೆ ಸಿದ್ಧವಾಯಿತು.

ಎರಡನೆಯ ಕಾರಣವಾದ ಕಬ್ಬಿಣವು ದಕ್ಷಿಣದ ಸಂಡೂರಿನ ಗುಡ್ಡಗಳಲ್ಲಿದೆ. ಘೋರ್ಪಡೆ ಅರಸರ ಈ ಪುಟ್ಟ ಸಂಸ್ಥಾನವು ೧೯೪೯ರಲ್ಲಿ ಮದರಾಸು ಪ್ರಾಂತದಲ್ಲಿ ವಿಲೀನವಾಯಿತು. ತೋರಣಗಲ್ಲಿನ ಬಳಿ ಸರಕಾರಿ ಉಕ್ಕಿನ ಕಾರಖಾನೆಯೊಂದಕ್ಕೆ ೧೯೭೧ರಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅಡಿಗಲ್ಲನ್ನಿಟ್ಟರೂ, ಎರಡು ದಶಕಗಳ ಕಾಲ ಕಲ್ಲು ಕಲ್ಲಾಗಿಯೇ ಉಳಿಯಿತು. ೧೯೯೪ರಲ್ಲಿ ಜಿಂದಾಲರ ಖಾಸಗಿ ಕಂಪೆನಿಯು ಸ್ಥಾಪಿತವಾದ ಬಳಿಕ ಅಲ್ಲಿ ಹಿರಿದಾದ ಉಕ್ಕಿನ ಕಾರಖಾನೆಯೆದ್ದಿತು. ಅದರೊಡನೆ ಶಾಲೆ, ಆಸ್ಪತ್ರೆ, ಉದ್ಯಾನಗಳಿಂದ ಕೂಡಿದ ಹೊಸ ವಸತಿನಗರಗಳೂ ಎದ್ದುವು. ಇವು ಕಾರಖಾನೆಯ ಕಾಯಂ ನೌಕರರಿಗೆ ಒದಗಿದುವು. ಗುತ್ತಿಗೆಯ ಮೇಲೆ ದುಡಿಯಲು ದೂರದ ಪ್ರಾಂತಗಳಿಂದ ಬಂದವರಿಗೆ ಸುತ್ತಣ ಹಳ್ಳಿಗಳೇ ಆಸರೆ. ಹೀಗೆ ಹೊಸಪೇಟೆಗೂ ತೋರಣಗಲ್ಲಿಗೂ ನಡುವೆ ರೈಲುದಾರಿಯ ಮೇಲಿರುವ ಗಾದಿಗನೂರಿನಂಥ ಊರು, ಹೊಲದ ಊರಾಗಿದ್ದದ್ದು, ಎರಡು ಪಟ್ಟಣಗಳ ನಡುವಣ ಪಡಸಾಲೆಯಾಗತೊಡಗಿತು. ಮಾಳಿಗೆಯ ಮನೆಯ ಪಕ್ಕದಲ್ಲಿ ಸಿಮೆಂಟಿನ ಕೋಣೆಗಳ ಸಾಲು, ಅದರ ಪಕ್ಕದಲ್ಲಿ ತಗಡಿನ ಮಾಡು: ಮೂರು ಕಾಲಗಳು ಒಂದೇ ಬೀದಿಯಲ್ಲಿ ನಿಂತಿರುವ ನೋಟವು ಈ ದಾರಿಯ ಊರುಗಳಲ್ಲಿ ಅಪರೂಪವಲ್ಲ.

ಇದರ ಮೇಲೆ ಅದಿರಿನ ಹುಚ್ಚು ಹೊಳೆಯು ಬಂದಿತು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಚೀನಾದೇಶದ ಬೇಡಿಕೆಯಿಂದ ಅದಿರಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಾಗ, ಹೊಸಪೇಟೆ ಸಂಡೂರುಗಳ ದಾರಿಗಳೆಲ್ಲ ಲಾರಿಗಳಿಂದ ತುಂಬಿದುವು. ದುಡ್ಡಿದ್ದವರು ನಿವೇಶನಗಳನ್ನು ಕೊಂಡರು, ಬಾಡಿಗೆಗೆಂದು ಮನೆಗಳನ್ನು ಎಬ್ಬಿಸಿದರು; ಸಂಬಳದವನಿಗೂ ಕೂಲಿಯವನಿಗೂ ನೆಲವು ಕೈಗೆಟುಕದಂತಾಯಿತು. ೨೦೧೧ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆದಾಗ ಲಾರಿಗಳು ನಿಂತುವು, ಕೂಲಿಯವರ ಕೆಲಸ ನಿಂತಿತು. ಏರಿದ ನೆಲದ ಬೆಲೆಯಾದರೋ ಏರಿದ ವೇಗದಲ್ಲಿ ಇಳಿಯಲಿಲ್ಲ. ಲಾಭಕ್ಕೆಂದು ಕಟ್ಟಿದ ಮನೆಯು ಲಾಭ ನಿಂತೊಡನೆ ಬಾಗಿಲು ಮುಚ್ಚಿಕೊಂಡು ಕಾಯುವುದು. ಬಾಳಲೆಂದು ಮನೆ ಬೇಕಾದವನು ಹೊರಗೆ ನಿಂತಿರುವನು. ಮನೆಗಳು ಇದ್ದೂ ವಸತಿಯಿಲ್ಲದಂತಾಗುವ ವಿಚಿತ್ರದ ಗುಟ್ಟು ಇದೇ.

ಅದೇ ಜುಲೈ ತಿಂಗಳಲ್ಲಿ ಹಂಪೆಯಲ್ಲಿ ಇನ್ನೊಂದು ಘಟನೆ ನಡೆಯಿತು. ವಿರೂಪಾಕ್ಷನ ಗುಡಿಯ ಮುಂದಣ ರಥಬೀದಿಯ ಇಕ್ಕೆಲದ ಕಲ್ಲುಮಂಟಪಗಳು ಹಿಂದೆ ಅಂಗಡಿಗಳಾಗಿದ್ದುವು. ಕಾಲಾಂತರದಲ್ಲಿ ಬಡಜನರು ಆ ಕಂಬಗಳ ನಡುವೆ ಗೋಡೆಯೆಬ್ಬಿಸಿ ಸಂಸಾರ ಹೂಡಿದ್ದರು. ಯಾತ್ರಿಕರಿಗೆ ಊಟ, ವಸತಿ, ಹೂವು, ಹಣ್ಣುಗಳನ್ನು ಒದಗಿಸಿ ಬದುಕುತ್ತಿದ್ದರು. ಹಂಪೆಯು ೧೯೮೬ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ೧೯೯೯ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೂ ಸೇರಿ, ೨೦೦೬ರಲ್ಲಿ ಅದರಿಂದ ಹೊರಬಂದಿತು. ಸ್ಮಾರಕಗಳ ರಕ್ಷಣೆಗೆಂದು ಪ್ರತ್ಯೇಕವಾದ ಪ್ರಾಧಿಕಾರವೂ ಏರ್ಪಟ್ಟಿತು. ಆ ರಕ್ಷಣೆಯ ಹೆಸರಿನಲ್ಲಿ ೨೦೧೧ರಲ್ಲಿ ರಥಬೀದಿಯ ಮನೆ ಅಂಗಡಿಗಳನ್ನು ಕೆಡವಿ, ನೂರಾರು ಕುಟುಂಬಗಳನ್ನು ತೆರವುಗೊಳಿಸಿದರು. ಅವರಿಗೆ ಕಡ್ಡಿರಾಂಪುರದ ಬಳಿ ನಿವೇಶನಗಳು ಗೊತ್ತಾದುವು. ಸ್ಮಾರಕವನ್ನು ಕಾಪಾಡಬಾರದೆಂದು ಯಾವ ವಿವೇಕಿಯೂ ಹೇಳಲಾರನು. ಆದರೆ ಇಲ್ಲಿ ಚರಿತ್ರೆಯ ವ್ಯಂಗ್ಯವೊಂದಿದೆ. ಹದಿನಾರನೆಯ ಶತಮಾನದ ಜನರ ಮನೆಗಳು ಉಳಿಯಲಿಲ್ಲವೆಂದು ನಾವು ಮರುಗುತ್ತೇವೆ. ಅದೇ ಬೀದಿಯಲ್ಲಿ ಇಪ್ಪತ್ತೊಂದನೆಯ ಶತಮಾನದ ಜನರ ಮನೆಗಳನ್ನು ನಾವೇ ಅಳಿಸುತ್ತೇವೆ. ತೆರವುಮಾಡುವ ಮುನ್ನ ಹೊಸ ಮನೆಯು ನಿಂತು ಅದರ ನಲ್ಲಿಯಲ್ಲಿ ನೀರು ಬರುವಂತಿರಬೇಕೆಂಬ ನಿಯಮವೊಂದಿದ್ದರೆ ಈ ಎರಡು ಕರ್ತವ್ಯಗಳಿಗೆ ಇಷ್ಟು ವೈರವಿರುತ್ತಿರಲಿಲ್ಲ.

ಮೂರನೆಯ ಕಾರಣವು ಕಚೇರಿ. ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಬಳ್ಳಾರಿಯಿಂದ ಬೇರೆಯಾಗಿ, ಹೊಸಪೇಟೆಯು ಅದರ ಕೇಂದ್ರವಾಯಿತು. ಜಿಲ್ಲೆಯ ಊರಿಗೆ ಅಧಿಕಾರಿಗಳು, ವಕೀಲರು, ವ್ಯಾಪಾರಿಗಳು, ವಿದ್ಯಾರ್ಥಿಗಳು ಬರುವುದು ಸಹಜ. ಅವರೆಲ್ಲರಿಗೂ ಮನೆ ಎಲ್ಲಿ? ಹೊಸಪೇಟೆಯ ಭೂಗೋಳವನ್ನು ಸ್ವಲ್ಪ ನೋಡಿರಿ. ಪಶ್ಚಿಮಕ್ಕೆ ತುಂಗಭದ್ರೆಯ ಜಲಾಶಯ. ದಕ್ಷಿಣಕ್ಕೆ ಸಂಡೂರಿನ ಕಬ್ಬಿಣದ ಗುಡ್ಡಗಳು. ಈಶಾನ್ಯಕ್ಕೆ ಕಟ್ಟಡಗಳಿಗೆ ನಿರ್ಬಂಧವಿರುವ ಹಂಪೆಯ ರಕ್ಷಿತ ಪ್ರದೇಶ. ನಡುವೆ ರಾಯರ ಕಾಲದ ಕಾಲುವೆಗಳ ಕೆಳಗಣ ಕಬ್ಬು ಬಾಳೆಯ ತೋಟಗಳು. ಉಳಿದುದು ಹೆದ್ದಾರಿ ರೈಲುಗಳ ಜಾಡಿನ ಪೂರ್ವದಿಕ್ಕು. ಅಂದರೆ ಗಾದಿಗನೂರಿನ ದಿಕ್ಕು. ಆದಕಾರಣ ಪಟ್ಟಣವು ಬೆಳೆಯುವುದೆಂದರೆ ಒಂದೋ ತೋಟವನ್ನು ನುಂಗಬೇಕು, ಇಲ್ಲವೇ ನೀರಿಲ್ಲದ ಬಯಲಿಗೆ ಹೋಗಬೇಕು. ನೀರಿರುವ ಕಡೆ ತೋಟ ಕಡಿದು ನಿವೇಶನ ಮಾಡುವುದು ಮಾರುವವನಿಗೆ ಸುಲಭ. ಬಯಲಿಗೆ ನೀರು ಒಯ್ಯುವುದು ಆಳುವವನಿಗೆ ಕಷ್ಟ. ಸುಲಭವಾದುದೇ ಮೊದಲು ನಡೆಯುತ್ತದೆ. ಐದುನೂರು ವರ್ಷ ಅನ್ನವಿತ್ತ ನೆಲವು ಹೀಗೆ ಕಲ್ಲುಗೂಟಗಳಿಂದ ಗುರುತಾಗುವುದನ್ನು ನೋಡುವಾಗ ಮನಸ್ಸಿಗೆ ನೋವಾಗದಿರದು.

ಇದಕ್ಕೆ ಇನ್ನೊಂದು ತೊಡಕು ಸೇರಿದೆ. ಸಂಡೂರು ಕಂಪ್ಲಿಗಳು ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದುವು. ಗಾದಿಗನೂರು ಹೊಸಪೇಟೆಯೊಡನೆ ವಿಜಯನಗರಕ್ಕೆ ಬಂದಿತು. ದುಡಿಮೆಯ ತೋರಣಗಲ್ಲು ಒಂದು ಜಿಲ್ಲೆಯಲ್ಲಿ, ದುಡಿಯುವವನು ಮಲಗುವ ಹಳ್ಳಿಯು ಮತ್ತೊಂದು ಜಿಲ್ಲೆಯಲ್ಲಿ. ಕಾರಖಾನೆಯಿರುವ ಊರಿಗೆ ತೆರಿಗೆಯ ಆದಾಯ, ಬಾಡಿಗೆಯ ಕೋಣೆಗಳಿರುವ ಊರಿಗೆ ಚರಂಡಿಯ ಹೊರೆ. ವಿಜಯನಗರದ ಪುರಗಳೆಲ್ಲ ಒಂದೇ ನೀರಿನ ಹೆಣಿಗೆಯಲ್ಲಿದ್ದಂತೆ ಇಂದಿನ ಈ ಊರುಗಳೂ ಒಂದೇ ಬಾಳಿನ ಹೆಣಿಗೆಯಲ್ಲಿವೆ; ಕಾಗದದ ಮೇಲೆ ಮಾತ್ರ ಅವು ಬೇರೆಬೇರೆ.

ನಮ್ಮ ನಾಡಿನ ಕಾಯಿದೆಗಳು ಈ ವಿಷಯದಲ್ಲಿ ಏನನ್ನೂ ಮಾಡಲಿಲ್ಲವೆಂದಲ್ಲ. ದೇವರಾಜ ಅರಸರ ಕಾಲದಲ್ಲಿ, ೧೯೭೪ರಲ್ಲಿ ತಿದ್ದಿದ ಭೂಸುಧಾರಣೆಯ ಕಾನೂನು ಉಳುವವನಿಗೆ ನೆಲವನ್ನು ಕೊಟ್ಟಿತು. ಅದೇ ಕಾನೂನಿನಲ್ಲಿ ಬೇಸಾಯದ ಕೂಲಿಯವನಿಗೆ ತಾನಿರುವ ಮನೆಯ ಹಕ್ಕೂ ಸೇರಿತ್ತು. ತಾಂಡ, ಹಟ್ಟಿ, ಹಾಡಿಗಳಲ್ಲಿ ಬಹುಕಾಲದಿಂದ ವಾಸವಾಗಿರುವವರಿಗೆ ಹಕ್ಕುಪತ್ರವನ್ನು ಕೊಡುವ ತಿದ್ದುಪಡಿಯೂ ೨೦೧೭ರಲ್ಲಿ ಜಾರಿಗೆ ಬಂದಿತು. ಸಂಡೂರಿನ ಗುಡ್ಡಗಳ ಲಂಬಾಣಿ ತಾಂಡಗಳಂಥವುಗಳಿಗೆ ಇದರ ಬೆಲೆ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಹಕ್ಕುಪತ್ರ ಕೈಯಲ್ಲಿದ್ದವನು ತಗಡನ್ನು ತೆಗೆದು ಗಾರೆ ಹಾಕುವನು. ನಾಳೆ ಯಾರು ಎಬ್ಬಿಸುವರೋ ಎಂಬ ಭಯವಿದ್ದವನು ಮೂರು ತಲೆಮಾರು ಕಳೆದರೂ ಗುಡಿಸಲಿನಲ್ಲಿಯೇ ಇರುವನು. ಬಡತನಕ್ಕಿಂತಲೂ ಭಯವೇ ಮನೆಗೆ ದೊಡ್ಡ ಶತ್ರುವು.

ಹಾಗಾದರೆ ಚರಿತ್ರೆಯು ನಮಗೆ ಹೇಳುವುದೇನು? ಈ ಸೀಮೆಯಲ್ಲಿ ಕಾಲಕಾಲಕ್ಕೆ ದೊಡ್ಡ ಕೆಲಸಗಳು ನಡೆದಿವೆ: ರಾಯರ ಕೆರೆ, ತುಂಗಭದ್ರೆಯ ಕಟ್ಟೆ, ತೋರಣಗಲ್ಲಿನ ಕುಲುಮೆ, ಹಂಪೆಯ ರಕ್ಷಣೆ, ಹೊಸ ಜಿಲ್ಲೆಯ ರಚನೆ. ಪ್ರತಿಯೊಂದು ಕಾಲದಲ್ಲಿಯೂ ಕೆಲಸವನ್ನು ನಡೆಯಿಸುವವರಿಗೆ ಮನೆಯು ಯೋಜನೆಯ ಒಂದು ಭಾಗವಾಗಿತ್ತು. ಕೆಲಸವನ್ನು ಮಾಡುವವರಿಗೆ ಅದು ಅವರವರ ಪಾಡಾಗಿತ್ತು. ಏರಿಯನ್ನು ಹಾಕುವ ಮುನ್ನ ಕಲ್ಲಿಗೆ, ಸುಣ್ಣಕ್ಕೆ, ಎತ್ತಿಗೆ ಲೆಕ್ಕವಿಡುವಂತೆ ಹೊರುವವನ ಮಾಡಿಗೂ ಲೆಕ್ಕವಿಟ್ಟಿದ್ದರೆ ಈ ಚರಿತ್ರೆಯು ಬೇರೆಯಾಗುತ್ತಿತ್ತು. ಆದರೂ ಅದೇ ರಾಯನ ಒಂಬತ್ತು ವರ್ಷಗಳ ಉಂಬಳಿಯು ನಮ್ಮ ಮುಂದೆ ದಾರಿದೀಪದಂತಿದೆ. ನೀರನ್ನು ಮೊದಲು ಒಯ್ಯಿರಿ, ನೆಲದ ಹಕ್ಕನ್ನು ಗಟ್ಟಿಮಾಡಿರಿ, ಕೆಲವು ವರ್ಷ ಕಾಯಿರಿ: ಊರು ತಾನೇ ನಿಲ್ಲುವುದು.

ಗಾದಿಗನೂರಿನ ರೈಲು ನಿಲ್ದಾಣದಲ್ಲಿ ಬೆಳಗಿನ ಹೊತ್ತು ನಿಂತರೆ, ಬುತ್ತಿಯ ಗಂಟನ್ನು ಹಿಡಿದು ಕೆಲಸಕ್ಕೆ ಹೊರಟವರನ್ನು ಕಾಣಬಹುದು. ಐದುನೂರು ವರ್ಷಗಳ ಹಿಂದೆ ಏರಿಯ ಮೇಲೆ ಇರುವೆಗಳಂತೆ ಕಂಡವರ ಮೊಮ್ಮಕ್ಕಳು ಇವರಲ್ಲಿ ಇರದೆ ಹೋಗಲಾರರು. ಪರದೇಶದ ಯಾತ್ರಿಕನು ಅವರನ್ನು ಎಣಿಸಿದನು, ಆದರೆ ಅವರ ಮನೆಯನ್ನು ಕೇಳಲಿಲ್ಲ. ಅವನು ದೂರದವನು; ಅವನನ್ನು ಕ್ಷಮಿಸಬಹುದು. ನಾವು ಇದೇ ನೆಲದವರು. ನಾವೂ ಕೇಳದೆ ಹೋದರೆ ಮುಂದಿನವರು ನಮ್ಮನ್ನು ಕ್ಷಮಿಸುವುದು ಕಷ್ಟ.